ಆರತಿ ನೀರಿನ ಬಣ್ಣ

ಯವ್ವಾ,

ನಿನ್ನ ಎಲಿಅಡಕಿ ಚೀಲ ಈಗ ನನ್ನ ಕಡೆ ಐತಿ. ಇವತ್ತು ನಾ ಗದ್ದಿಯಿಂದ ಬರೂದ್ರಾಗ ನಿನ್ನ ಮೊಮ್ಮಗಳು ಮಹೇಶ್ವರಿ ಅದರಾಗಿನ ಸುಣ್ಣಕ್ಕ ಅರಿಶಿಣ ಕಲಿಸಿ ಮುಖದ ತುಂಬ ಹಚ್ಚಿಕೊಂಡು ಕುಂತಿದ್ಲು. ಫೋನಿನಾಗ ಕೋಟು ಹಾಕ್ಕೊಂಡಾಕಿ ಒಬ್ಬಾಕಿ, ಹಿಂಗ ಹಚ್ಚಿ ಮ್ಯಾಲೆ ನಮ್ಮ ಕ್ರೀಮ್ ಬಳದ್ರ ಕಪ್ಪು ಹೋಗತೈತಿ ಅಂದಾಳಂತ.

"ಅದು ಜಾಹೀರಾತು" ಅಂದೆ.

"ಇಲ್ಲಬೇ, ಸುದ್ದಿ. ಕೆಳಗ ಅಕ್ಷರ ಓಡತಿದ್ವು" ಅಂದ್ಲು.

ಉರದ್ರೂ ಯಾಕ ತೊಳೀಲಿಲ್ಲ ಅಂತ ಕೇಳಿದೆ. "ಆರತಿ ನೀರಿನಂಗ ಕೆಂಪಾತು. ಕೆಟ್ಟದ್ದಾದ್ರ ಆರತಿಗೆ ಯಾಕ ಹಾಕ್ತಾರ?" ಅಂದ್ಲು.

ಗಂಗಾವತಿ ದವಾಖಾನಿಗೆ ಹೋಗಿ ಬಂದೇವಿ. ಕಣ್ಣು ಉಳದಾವ, ಗಲ್ಲದ ಚರ್ಮ ಸುಲದೈತಿ. ನೀ ಆಕೀನ್ನ ನನ್ನ ಕರಿಮುತ್ತು ಅಂತಿದ್ದಿ. ನೀ ಹೋದ ಮ್ಯಾಲೆ ಈ ಮನ್ಯಾಗ ಯಾರೂ ಹಂಗ ಕರದಿಲ್ಲ.

ಆಕಿ ಮಲಗಿದ ಮ್ಯಾಲೆ ಕಲೆ ಹೋಗಾಕ ಏನರ ಐತೇನಂತ ಫೋನಿನಾಗ ಹುಡುಕಿದೆ. ಅದೇ ಕೋಟಿನಾಕಿ ಬಂದ್ಲು. ನನ್ನ ಹೆಸರು ಗೊತ್ತಿದ್ದಾಕಿಯಂಗ ನಕ್ಕಳು. ಬಂದ್ ಮಾಡಾಕ ಬೆರಳು ಒಯ್ದೆ, ಒತ್ತಲಿಲ್ಲ.

ಕಡೀತನಕ ನೋಡೀನಿ, ಯವ್ವಾ.