ಸೀಟಿನ ಕೆಳಗಿನ ನಲವತ್ತೇಳು

ವಿಜಯಣ್ಣಾ,

ಸೀರಿ ಮುಟ್ಟಿಸಾಕ ಇಳಕಲ್ಲಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು.

ಇವತ್ತ ಪೇಂಟಿನಾಂವ ಬಂದ್ರ ಅಜ್ಜನ ಸೈಕಲ್ಲು ನಲವತ್ತೇಳನೇ ಇಸ್ವಿದು ಅನಬ್ಯಾಡ. ನಿನ್ನೆ ನಿನ್ನ ಗೆಳ್ಯಾರ ಮುಂದ ನೀ ಹಂಗ ಹೇಳೂಮುಂದ ನಾ ಬಾಗಿಲದಾಗ ನಿಂತಿದ್ದೆ.

ಕಂಪನಿಯವರು ಹೊಡದ ಖರೆ ನಂಬರ ಫ್ರೇಮಿನ ಅಡಿಗೆ, ಪೆಡಲಿನ ಹತ್ರ ಐತಿ. ಸೀಮಿಎಣ್ಣಿ ಹಚ್ಚಿ ತಿಕ್ಕಿ, ಫೋಟೋ ತಗದು ಕೆರೂರಿನ ಕಲ್ಲಪ್ಪ ಮಿಸ್ತ್ರಿಗೆ ಕಳಿಸಿದೆ. ತನ್ನ ಹಳೇ ಪುಸ್ತಕ ನೋಡಿ ಅರವತ್ತೊಂದರದ್ದು ಅಂದ.

ಸೀಟಿನ ಕೆಳಗ ಹೊಡದ 47 ಊರಾಗಿನ ಬಾಡಗಿ ಸೈಕಲ್ ಅಂಗಡಿಯವರ ನಂಬರ. ಆಯಿನ್ನ ಕೇಳಿದೆ. ಮದುವಿ ಗೊತ್ತಾದ ಮ್ಯಾಲೆ ಅಜ್ಜ ವಾರಾವಾರಾ ಅದನ್ನ ತಗೊಂಡು ಆಯಿನ್ನ ನೋಡಾಕ ಆಕಿ ತವರು ಐಹೊಳಿಗೆ ಬರ್ತಿದ್ದನಂತ. "ಹೊಸಾವು ನಿಂತಿದ್ರೂ ನಲವತ್ತೇಳ ಬೇಕಂತಿದ್ದ ಆ ಹುಚ್ಚಪ್ಪ" ಅಂದು ನಕ್ಕಳು. ಅಂಗಡಿ ಮುಚ್ಚಿದಾಗ ಅಜ್ಜ ಅದನ್ನ ಕೊಂಡ.

ಬಣ್ಣ ಯಾವುದಾರ ಹಚ್ಚಸು, ನಾ ಏನೂ ಅನ್ನೂದಿಲ್ಲ. ಇಸ್ವಿ ಅಲ್ಲ ಅಂತ ತಿಳದು ಆ ಅಂಕಿಗೆ ಮಾತ್ರ ಪುಟ್ಟಿ ತುಂಬಿಸಿ ಮುಚ್ಚಸಬ್ಯಾಡ. ಆಯಿಗೆ ಕಣ್ಣು ಮಂಜಾಗ್ಯಾವು. ದಿನಾ ಮುಂಜಾನೆ ಪಡಸಾಲಿ ದಾಟೂಮುಂದ ಬೆರಳಿಲೆ ಅದನ್ನ ಹುಡುಕಿ, ಮುಟ್ಟಿ, ಆಮ್ಯಾಲೆ ಹೊರಗ ಹೋಗ್ತಾಳ. ನೀ ಆಗ ಮಲಗಿರ್ತೀ.

ದಾನೇಶ್ವರಿ