ಅದೃಷ್ಟದ ಸೂಜಿ

ಮೊಂಡಿ,

ಹನ್ನೊಂದು ವರ್ಷ ಮುಖ ತೋರಿಸದವಳಿಗೆ ನಿನ್ನನ್ನು ಈ ಹೆಸರಿನಿಂದ ಕರೆಯುವ ಹಕ್ಕಿಲ್ಲ, ಗೊತ್ತು. ಆದರೆ ಬೇರೆ ಏನು ಬರೆದರೂ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಈ ಪತ್ರವನ್ನು ಹರಿದು ಹಾಕುವುದಾದರೆ ಹಾಕು, ಪೂರ್ತಿ ಓದಿ ಹಾಕು. ನೀನು ಹೇಳಿದ್ದೇ ಸರಿ ಕಣೇ. ಜೋಡಿ ಅನ್ನುವುದು ಇರಲೇ ಇಲ್ಲ. ಒಂದೇ ಒಂದೂ ಇರಲಿಲ್ಲ.

ಮೊನ್ನೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಇದು ಗೊತ್ತಾಯಿತು. ಆಗ ಕೈಯಲ್ಲಿ ಟೀ ಲೋಟ ಇತ್ತು. ಪ್ರಯೋಗಾಲಯದೊಳಗೆ ಟೀ ತಂದರೆ ಎಲ್ಲರ ಮೇಲೂ ಹರಿಹಾಯುವವಳು ನಾನೇ, ತಂದವಳೂ ನಾನೇ. ಆ ಲೋಟ ಎಲ್ಲಿಟ್ಟೆನೋ, ಇನ್ನೂ ಸಿಕ್ಕಿಲ್ಲ.

ನಮ್ಮ ಯಂತ್ರ ಏನು ಮಾಡುತ್ತದೆ ಎಂದು ನಿಮ್ಮಮ್ಮ ಒಮ್ಮೆ ಕೇಳಿದ್ದರಲ್ಲ? "ಕರೆಂಟು ಹೋದಾಗ ಅಡುಗೆಮನೆ ಅಟ್ಟದ ಮೇಲೆ ಕೈಯಾಡಿಸಿ ಡಬ್ಬಿ ಹುಡುಕ್ತೀಯಲ್ಲ, ಹಾಗೆ ಕಣಮ್ಮ. ಇದಕ್ಕೆ ಕಣ್ಣಿಲ್ಲ, ಮುಟ್ಟಿ ಮುಟ್ಟಿ ಚಿತ್ರ ಬರೆಯತ್ತೆ" ಅಂದಿದ್ದೆ ನೀನು. ಪರಮಾಣು ಬಲ ಸೂಕ್ಷ್ಮದರ್ಶಕವನ್ನು ಅದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ತುದಿಯಲ್ಲಿ ಕಾಣದಷ್ಟು ಸಣ್ಣ ಸೂಜಿಯಿರುವ ಒಂದು ಪಟ್ಟಿ. ಅದು ಉಪ್ಪುನೀರಿನಲ್ಲಿ ಮುಳುಗಿಕೊಂಡೇ ಅಭ್ರಕದ ಹಾಳೆಯ ಮೇಲೆ ಕೂತಿರುವ ಪ್ರೋಟೀನನ್ನು ತಡವಬೇಕು. ಒಣಗಿಸಿದರೆ ಪ್ರೋಟೀನು ಸತ್ತಂತೆ, ಒತ್ತಿದರೆ ಅಪ್ಪಚ್ಚಿ. ನಮ್ಮ ಕಾಲದಲ್ಲಿ ಸೂಜಿಯನ್ನು ಅಲುಗಿಸಲು ಅದನ್ನು ಹಿಡಿದ ಕೊಂಡಿಯನ್ನೇ ಅಲುಗಿಸುತ್ತಿದ್ದೆವು. ಸುತ್ತಲಿನ ನೀರೆಲ್ಲ ಕುಲುಕಾಡಿ ಯಾವುದು ಸೂಜಿಯ ನಡುಕ, ಯಾವುದು ನೀರಿನದು ಎಂದು ತಿಳಿಯದೆ ನೀನು ಯಂತ್ರಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಆ ಕಾಟ ಈಗ ತಪ್ಪಿದೆ. ಆರು ವರ್ಷ ಕುತ್ತಿಗೆ ಬಗ್ಗಿಸಿ ಮಾಡಿದ ಕೆಲಸ ಅದು. ಪಟ್ಟಿಯನ್ನು ಹತ್ತು ಪಟ್ಟು ಚಿಕ್ಕದು ಮಾಡಿದೆವು, ಅದರ ಬುಡಕ್ಕೆ ಲೇಸರ್ ಬೆಳಕು ಮಿಣುಕಿಸಿ ಅದೊಂದೇ ನಡುಗುವ ಹಾಗೆ ಮಾಡಿದೆವು. ನೀರು ಅಲುಗುವುದಿಲ್ಲ. ಮೊದಲಿನ ಒತ್ತಡದ ನೂರರಲ್ಲಿ ಒಂದು ಪಾಲೂ ಬೀಳುವುದಿಲ್ಲ. ಇಷ್ಟು ಮೆತ್ತಗೆ ಯಾರೂ ಮುಟ್ಟಿಲ್ಲ ಎಂದು ಬೀಗುತ್ತಿದ್ದೆ. ಆ ಜಂಬದಲ್ಲೇ, ತೋರಿಸಿಕೊಳ್ಳಲು ಇರಲಿ ಎಂದು, ಎರಡೆರಡು ಜೋಡಿಯಾಗಿ ಕೂರುತ್ತದೆ ಎಂದು ಲೇಖನ ಬರೆದು ನಾನು ಹೆಸರು ಗಳಿಸಿದ ನಮ್ಮ ಹಳೆಯ ಪ್ರೋಟೀನನ್ನೇ ಇಟ್ಟೆ. ಜೋಡಿಗಳು ಎಷ್ಟು ಚಂದ ಕಾಣುತ್ತವೋ ಎಂದು ಕಾದೆ.

ಪರದೆಯ ತುಂಬ ಒಂಟಿ ಚುಕ್ಕೆಗಳು, ಮೊಂಡಿ! ನಾನೂರ ಹನ್ನೆರಡು ಎಣಿಸಿದೆ. ನಾನೂರ ಹನ್ನೆರಡೂ ಒಂಟಿ.

ಬೀರು ತೆಗೆದೆ. ನಿನಗೆ ಗೊತ್ತಲ್ಲ, ನನಗೊಂದು ಹುಚ್ಚಿತ್ತು. ಚಿತ್ರ ಚೆನ್ನಾಗಿ ಬಂದರೆ ಆ ಸೂಜಿಯನ್ನು ಎಸೆಯದೆ ತೊಳೆದು, ಡಬ್ಬಿಯಲ್ಲಿಟ್ಟು, ಬೇರೆಯವರು ಮುಟ್ಟದ ಹಾಗೆ ಕಾಯುತ್ತಿದ್ದೆ. ಅದೃಷ್ಟದ ಸೂಜಿ! ನಮ್ಮ ಲೇಖನದ ಚಿತ್ರಗಳೆಲ್ಲ ಅದೊಂದರದೇ. ಅದನ್ನು ಹೊರತೆಗೆದು ನಮ್ಮ ಹಳೆಯ ಯಂತ್ರಕ್ಕೆ ಹಾಕಿ ಅದೇ ಹಾಳೆಯನ್ನು ನೋಡಿದೆ. ತಕ್ಷಣ ಜೋಡಿಗಳು ಬಂದವು, ಎಲ್ಲವೂ ಒಂದೇ ದಿಕ್ಕಿಗೆ. ಆಮೇಲೆ ನೀನು ಆವತ್ತು ಬೇಡಿಕೊಂಡಿದ್ದನ್ನು ಮಾಡಿದೆ. ಅಭ್ರಕವನ್ನು ಕಾಲು ಸುತ್ತು ತಿರುಗಿಸಿಟ್ಟೆ. ನಿಜವಾದ ಜೋಡಿಗಳಾಗಿದ್ದರೆ ಅವೂ ತಿರುಗಬೇಕಿತ್ತು. ತಿರುಗಲಿಲ್ಲ. ಆ ಸೂಜಿಯ ಮೊನೆ ಎಂದೋ ಮುರಿದು ಎರಡಾಗಿದೆ, ಒಂದೊಂದನ್ನೂ ಎರಡೆರಡು ಸಲ ಮುಟ್ಟುತ್ತದೆ. ನಾನು ಹನ್ನೊಂದು ವರ್ಷ ಪ್ರೋಟೀನು ಎಂದು ಲೋಕಕ್ಕೆ ತೋರಿಸಿದ್ದು ಒಂದು ಮುರಿದ ಸೂಜಿಯ ಮೂತಿಯನ್ನು.

"ಎಲ್ಲಾ ಒಂದೇ ಕಡೆ ತಲೆ ಹಾಕಿ ಮಲಗಿವೆಯಲ್ಲೇ, ಯಾರು ಹಾಸಿಗೆ ಹಾಸಿಕೊಟ್ರು ಇವಕ್ಕೆ?" ಅಂದಿದ್ದೆ ನೀನು. "ಅಭ್ರಕದ ಹರಳಿನ ಸಾಲು ಹಾಗೆ ಕೂರಿಸತ್ತೆ, ತಲೆ ತಿನ್ನಬೇಡ" ಅಂದೆ. ನೀನು ಹೊಸ ಸೂಜಿ ಹಾಕಿ ಒಂಟಿಗಳ ಚಿತ್ರ ತಂದೆ. ಅದನ್ನು ನಾನು ಏನು ಮಾಡಿದೆ ಎನ್ನುವುದು ನಿನಗೆ ಗೊತ್ತಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದೇ. ನಮ್ಮ ಗೈಡ್ ಮೇಷ್ಟ್ರ ಕೋಣೆಗೆ ಒಬ್ಬಳೇ ಹೋಗಿ, "ಅವಳ ಕೈ ಒರಟು ಸರ್. ಜಾಸ್ತಿ ಒತ್ತಿ ಜೋಡೀನ ಬಿಡಿಸಿಬಿಡ್ತಾಳೆ" ಅಂದೆ. ಮುಂದಿನ ವಾರ ನಿನ್ನನ್ನು ಯಂತ್ರದಿಂದ ತೆಗೆದರು. ಮೂರು ತಿಂಗಳಿಗೆ ನೀನು ಡಿಗ್ರಿ ಬಿಟ್ಟು ಹೊರಟೆ. ಬೀಳ್ಕೊಡುವಾಗ ನಿನ್ನನ್ನು ತಬ್ಬಿಕೊಂಡು ಅತ್ತೆನಲ್ಲ, ಆ ನಾಟಕ ನೆನೆದರೆ ಈಗ ಮೈ ಉರಿಯುತ್ತದೆ.

ಎರಡು ವರ್ಷದ ಹಿಂದೆ ಕನ್ನಡಕದ ಅಂಗಡಿಯಲ್ಲಿ ನಿನ್ನನ್ನು ಕಂಡೆ. ನನ್ನದರ ಕಡ್ಡಿ ಸಡಿಲವಾಗಿತ್ತು, ಸರಿಮಾಡಿಸಲು ಬಂದಿದ್ದೆ. ನೀನು ಗಾಜಿನಾಚೆ ಒಬ್ಬ ಅಜ್ಜನ ಕನ್ನಡಕವನ್ನು ಕಿವಿಗೆ ಒತ್ತದ ಹಾಗೆ ಬಗ್ಗಿಸಿ ಕೊಡುತ್ತಿದ್ದೆ. ಹಾಕಿ, ತೆಗೆದು, ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ಹಾಕಿ. ಆ ಕೈಗಳನ್ನು ನೋಡುತ್ತ ನಿಂತೆ. ಬಾಗಿಲು ನೂಕುವ ಧೈರ್ಯವಾಗಲಿಲ್ಲ. ಸಡಿಲ ಕನ್ನಡಕದಲ್ಲೇ ಮನೆಗೆ ಹೋದೆ.

ಮಂಗಳವಾರ ಮಧ್ಯಾಹ್ನ ಮೇಷ್ಟ್ರಿಗೆ ಫೋನು ಮಾಡಿದೆ. ನಿವೃತ್ತರಾಗಿದ್ದಾರೆ, ದನಿ ಇನ್ನೂ ಹಾಗೇ ಇದೆ. ಒಂದೇ ಉಸಿರಿಗೆ ಎಲ್ಲ ಹೇಳಿ, ಅವರು ಹೌಹಾರುತ್ತಾರೆಂದು ಕಾದೆ. ಅವರು ನಿಧಾನವಾಗಿ, "ನಂಗೂ ಆವಾಗಲೇ ಅನುಮಾನ ಇತ್ತಮ್ಮ. ಆದ್ರೆ ನೀನು ಅಷ್ಟು ಗಟ್ಟಿಯಾಗಿ ಹೇಳಿದೆ, ಲೇಖನಾನೂ ತಯಾರಾಗಿತ್ತು. ಬಿಡು, ಈಗ ಯಾರು ಕೇಳ್ತಾರೆ?" ಅಂದರು.

ಅನುಮಾನ ಇತ್ತಂತೆ! ಅವರಿಗೆ ನನ್ನ ಮಾತು ಬೇಕಿತ್ತು, ನನಗೆ ಅವರ ಮೌನ. ನಡುವೆ ನಿನ್ನನ್ನು ಹೊರಗೆ ಹಾಕಿದೆವು. ಇಬ್ಬರೂ ಆವತ್ತು ಮನೆಗೆ ಹೋಗಿ ಊಟ ಮಾಡಿ ಮಲಗಿದೆವು. ನನಗೆ ಸಿಟ್ಟು ಬಂದಿದ್ದು ಅವರ ಮೇಲೋ ನನ್ನ ಮೇಲೋ ಇನ್ನೂ ಬಿಡಿಸಿಕೊಳ್ಳಲು ಆಗಿಲ್ಲ.

ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆಂದು ನಿನ್ನೆ ಪತ್ರಿಕೆಗೆ ಬರೆದೆ. ನನ್ನ ಕುರ್ಚಿ ಉಳಿಯುತ್ತದೋ ಇಲ್ಲವೋ, ಅದು ನನ್ನ ತಲೆನೋವು. ನಿನ್ನ ಡಿಗ್ರಿಯ ಕಡತ ಮತ್ತೆ ತೆರೆಯಬಹುದೇ ಎಂದು ಕಚೇರಿಯಲ್ಲಿ ಕೇಳಿದೆ, ನೀನೇ ಅರ್ಜಿ ಕೊಟ್ಟರೆ ಆಗುತ್ತದೆ ಅಂದರು. ಕೊಡುವುದು ಬಿಡುವುದು ನಿನ್ನಿಷ್ಟ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ.

ಪತ್ರಿಕೆಯವರ ಫಾರಂನಲ್ಲಿ ಒಂದು ಸಾಲಿತ್ತು: ತಪ್ಪನ್ನು ಮೊದಲು ಕಂಡವರು ಯಾರು, ಯಾವತ್ತು. ಅಲ್ಲಿ ಇನಿಷಿಯಲ್ ಸಮೇತ ನಿನ್ನ ಹೆಸರು ಬರೆದೆ. ಇಲ್ಲೇ ಉಳಿದಿದ್ದ ನಿನ್ನ ಹಳೆಯ ನೋಟ್‌ಬುಕ್ ನೋಡಿ ದಿನಾಂಕವನ್ನೂ ತುಂಬಿದೆ. ಅದು ಲೇಖನ ಅಚ್ಚಾಗುವುದಕ್ಕೆ ಐದು ತಿಂಗಳ ಹಿಂದಿನದು. ಓದಿದವರೆಲ್ಲ ಕೇಳುತ್ತಾರೆ, ಐದು ತಿಂಗಳು ಮೊದಲೇ ಗೊತ್ತಿದ್ದೂ ಯಾಕೆ ಅಚ್ಚು ಹಾಕಿದಿರಿ ಎಂದು. ಕೇಳಲಿ. ಕೇಳುವವರು ಯಾವ ಕೋಣೆಗೆ ಕರೆದರೂ ಹೋಗಿ, ಈ ಸಲ ನಿಜ ಹೇಳುತ್ತೇನೆ.

ನಿನ್ನ ಹೊಟ್ಟೆ ಸದಾ ತಣ್ಣಗಿರಲಿ, ನಿನ್ನ ಮಾತನ್ನು ನಂಬುವ ಜನ ನಿನ್ನ ಸುತ್ತ ಇರಲಿ.

ಪಕ್ಕದ ಸ್ಟೂಲಿನಲ್ಲಿ ಕೂತು ನಿನ್ನ ಬುತ್ತಿ ಹಂಚಿಕೊಂಡು ತಿಂದವಳು