ಕಾಗೆ ಮುಟ್ಟದ ಎಲೆ

ಅಪ್ಪಾ,

ಇವತ್ತು ನಿಮ್ಮ ಬೊಜ್ಜ. ಉತ್ತರಕ್ರಿಯೆಯ ಊಟ ಬಡಿಸುವ ಹೊತ್ತಿಗೆ ನಾನು ಮೂಡಬಿದಿರೆಯಲ್ಲಿ ಕೌಂಟರ್-ಸ್ಟ್ರೈಕ್ ಎಂಬ ಕಂಪ್ಯೂಟರ್ ಗುಂಡಿನಾಟದ ಫೈನಲ್ ಆಡುತ್ತಿದ್ದೆ. ಗೆದ್ದೆ.

ಮೆಲ್ಕಾರಿನ ಸೈಬರ್ ಕೆಫೆಯಲ್ಲಿ ಎಲ್ಲರೆದುರು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, "ಬೀಡಿ ಕಟ್ಟುವ ಕೈಗೆ ಮೌಸ್ ಎಂಥಕ್ಕೆ?" ಎಂದಿದ್ದಿರಲ್ಲ, ಅಂದಿನಿಂದ ಆಟದಲ್ಲಿ ನನ್ನ ಹೆಸರು 'ಬೀಡಿ'. ಇವತ್ತು ನಾನು ಕೊಂದ ಪ್ರತಿ ಹುಡುಗನ ಪರದೆಯ ಮೇಲೂ ಆ ಹೆಸರೇ ಮೂಡಿತು. ಶಾಲೆ ಬಿಡಿಸಿ, ಬೀಡಿ ಕಟ್ಟಲು ಕೂರಿಸಿ ಈ ಬೆರಳುಗಳನ್ನು ಚುರುಕು ಮಾಡಿದವರು ನೀವೇ.

ಬಹುಮಾನ ಕೊಡುವಾಗ ಮೈಕ್ ಹಿಡಿದವನು ಕೇಳಿದ: "ಬೇರೆ ಹುಡುಗಿಯರೆಲ್ಲ ಬಿಟ್ಟು ಹೋಗ್ತಾರೆ. ನೀವು ಮಾತ್ರ ಹೇಗೆ ಉಳಿದದ್ದು? ಮನೆಯಲ್ಲಿ ಸಪೋರ್ಟ್ ಉಂಟಾ?"

"ಉಂಟು, ಅಪ್ಪನದ್ದು," ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದರೆ ಅಂಗಳದಲ್ಲಿ ನಿಮಗಿಟ್ಟ ಎಲೆ ಹಾಗೆಯೇ ಇತ್ತು. ಕಾಗೆ ಮುಟ್ಟಿರಲಿಲ್ಲ.

"ನಿನ್ನನ್ನೇ ಕಾಯ್ತಿದ್ದಾರೆ. ಒಂದು ಕೈ ಮುಗಿ," ಎಂದು ಅಮ್ಮ ಅತ್ತಳು.

ನಾನು ಮುಗಿಯಲಿಲ್ಲ. ಮುಗಿದರೆ ಕಾಗೆ ಬರುತ್ತದೆ, ನೀವು ಹೊಟ್ಟೆ ತುಂಬಿಸಿಕೊಂಡು ಹೊರಟುಬಿಡುತ್ತೀರಿ.

ಹಸಿದುಕೊಂಡೇ ಇಲ್ಲಿರಿ, ಅಪ್ಪಾ. ನಾಡಿದ್ದು ಮತ್ತೊಂದು ಮ್ಯಾಚ್ ಉಂಟು. ನೀವು ಹೋದರೆ ನಾನು ಯಾರನ್ನು ಸೋಲಿಸಲಿ?